ಕರೆಂಟಿಗಾಗಿ ಕಟ್ಟಿದ ಕಟ್ಟೆ

ಕೆಆರ್‌ಎಸ್ ಅಂದ್ರೆ ನಿಮಗೆ ಮಂಡ್ಯದ ಗದ್ದೆ ನೆನಪಾಗುತ್ತೆ, ಅಲ್ವಾ? ನಾನು ಇವತ್ತು ಹೇಳ್ತಿರೋದು ಕರೆಂಟಿನ ಕಥೆ.

1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಮೊದಲು ಹೋಗಿದ್ದು ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ದುಡ್ಡು ಕೊಡೋ ಗಿರಾಕಿ ಅಲ್ಲಿದ್ದ, ಅಷ್ಟೇ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಅದೂ ಕಲ್ಲಿದ್ದಲು ಸುಡದ ಕರೆಂಟು!

ತೊಂದರೆ ಕೊಟ್ಟಿದ್ದು ಬೇಸಿಗೆ. ಹೊಳೆ ಸೊರಗಿದರೆ ಟರ್ಬೈನ್ ಪೂರ್ತಿ ತಿರುಗಲ್ಲ, ಗಣಿಗೆ ಮಾತ್ರ ವರ್ಷವಿಡೀ ಕರೆಂಟು ಬೇಕು. ಮಳೆಗಾಲದ ನೀರನ್ನು ಹಿಡಿದಿಡಲೇಬೇಕಾಯ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋದಕ್ಕೆ ನೀರಾವರಿಯ ಜೊತೆಗೆ ಇದೂ ದೊಡ್ಡ ಕಾರಣ. ನನ್ನ ಲೆಕ್ಕದಲ್ಲಿ ಅದು ನಮ್ಮ ಮೊದಲ ದೊಡ್ಡ ಬ್ಯಾಟರಿ. ಅದಕ್ಕೆ ಬೆಲೆ ತೆತ್ತವರು ಮುಳುಗಿದ ಹಳ್ಳಿಗಳ ಜನ.

ಬೇಡಿಕೆ ಬೆಳೀತು, 1985ರಲ್ಲಿ ರಾಯಚೂರಲ್ಲಿ ಕಲ್ಲಿದ್ದಲು ಉರಿಸೋಕೆ ಶುರು ಮಾಡಿದ್ವಿ. ಈಗ ಬೆಂಗಳೂರಿಗೆ ಅದರಿಂದ ಬಿಡಿಸಿಕೊಳ್ಳೋ ತವಕ. 2023ರಲ್ಲಿ ಬಿಬಿಎಂಪಿ ತಂದ ಹವಾಮಾನ ಯೋಜನೆಯ ಗುರಿ 2050ಕ್ಕೆ ನೆಟ್ ಜೀರೋ. ಚಾವಣಿ ಮೇಲೆ ಸೋಲಾರ್ ಹಾಕೋದೇನೋ ಸರಿ, ಆದರೆ ಸಂಜೆ ಏಳಕ್ಕೆ ಎಲ್ಲರೂ ಸ್ವಿಚ್ ಹಾಕ್ತೀವಲ್ಲ, ಆ ಹೊತ್ತಿಗೆ ಹಗಲಿನ ಬಿಸಿಲನ್ನ ಎಲ್ಲಿ ಕೂಡಿಟ್ಟಿರ್ತೀವಿ? ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅಷ್ಟೊಂದು ವಿರೋಧ ಎದ್ದಿರೋದು ಈ ಪ್ರಶ್ನೆಯ ಮೇಲೇ: ನಮ್ಮ ಬ್ಯಾಟರಿ, ಯಾರ ಕಾಡು?