ಸುರುಳಿ ಕಂಬಿ

ಕಾಂಕ್ರೀಟಿನೊಳಗೆ ಹುದುಗಿಸುವ ಉಕ್ಕಿನ ಕಂಬಿಯನ್ನು ರೋಲಿಂಗ್ ಮಿಲ್ಲಿನಲ್ಲೇ ಸಿಂಬಿ ಸುತ್ತಿ ಕಳಿಸಿದರೆ ಅದು ಸುರುಳಿ ಕಂಬಿ. 8, 10, 12 ಮಿ.ಮೀ. ದಪ್ಪದವು ಸಾಮಾನ್ಯ. ಕಾಲಂ, ಬೀಮ್‌ಗಳ ಉದ್ದ ಕಂಬಿಗಳನ್ನು ಸುತ್ತುವರಿದು ಹಿಡಿಯುವ ರಿಂಗ್‌ಗಳಿಗೆ ಇದರ ಬಳಕೆ ಹೆಚ್ಚು.

ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಕಬ್ಬಿಣದ ಜಾಲವಿರುವ ಸಿಮೆಂಟ್ ತೊಟ್ಟಿಗಳಿಗೆ ಪೇಟೆಂಟ್ ಪಡೆದ. ಅಮೆರಿಕದ ಅರ್ನೆಸ್ಟ್ ರಾನ್ಸಮ್ 1884ರಲ್ಲಿ ಚೌಕ ಕಂಬಿಯನ್ನು ತಿರುಚಿ, ಕಾಂಕ್ರೀಟಿಗೆ ಅದರ ಹಿಡಿತ ಹೆಚ್ಚಿಸಿದ. ನಮ್ಮಲ್ಲಿ ಬಹುಕಾಲ ನುಣುಪಾದ ಮೆದು ಉಕ್ಕಿನ ದುಂಡು ಕಂಬಿಯೇ ನಡೆಯಿತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ, 1936ರಲ್ಲಿ ಉಕ್ಕು ತಯಾರಾಗತೊಡಗಿದವು.

1960ರ ದಶಕದಲ್ಲಿ ತಿರುಚಿದ ಕಂಬಿ, ಅಂದರೆ ಟಾರ್ ಸ್ಟೀಲ್, ಭಾರತದಲ್ಲಿ ಹರಡಿತು. ಅದರ ಮಾನಕ ಐಎಸ್ 1786 ಮೊದಲು ಹೊರಬಂದದ್ದು 1961ರಲ್ಲಿ. ಸುರುಳಿಯ ಚರಿತ್ರೆಗೆ ತಿರುಚಿದ ಕಂಬಿಯ ಈ ಕಾಲವೇ ಮುಖ್ಯ ಘಟ್ಟ. ತಣ್ಣಗೆ ತಿರುಚಬೇಕಾದರೆ ಕಂಬಿ ನೇರವಿರಬೇಕು: ಒಂದು ತುದಿಯನ್ನು ಬಿಗಿಹಿಡಿದು ಇನ್ನೊಂದನ್ನು ತಿರುಗಿಸಬೇಕು. ಹಾಗಾಗಿ ಗಟ್ಟಿ ಕಂಬಿ ಸಿಂಬಿಯಾಗಿ ಬರಲಿಲ್ಲ. ಸುರುಳಿ ಉಳಿದದ್ದು ಕಾಲಿಂಚಿನ ನುಣುಪು ಕಂಬಿಗೆ ಮಾತ್ರ. ಅದನ್ನು ಎಳೆದು, ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುತ್ತಿದ್ದವರು ಕಂಬಿ ಕೆಲಸದವರು. ಕಟ್ಟಡದ ಚರಿತ್ರೆ ಬರೆದವರು ಆ ಶ್ರಮವನ್ನು ಲೆಕ್ಕಕ್ಕೆ ತಂದದ್ದು ತೀರ ಕಡಿಮೆ.

1970ರ ದಶಕದಲ್ಲಿ ಬೆಲ್ಜಿಯಂನ ಲಿಯೇಜ್‌ನ ಸಂಶೋಧನಾ ಕೇಂದ್ರ ಟೆಂಪ್‌ಕೋರ್ ವಿಧಾನ ರೂಪಿಸಿತು. ಕೆಂಪಗೆ ಕಾದ ಕಂಬಿಯ ಹೊರಮೈಗೆ ಥಟ್ಟನೆ ನೀರು ಹಾಯಿಸಿದರೆ ಅದು ಗಡುಸಾಗುತ್ತದೆ. ಒಳಗುಳಿದ ಶಾಖ ಆ ಗಡಸುತನವನ್ನು ಹದಕ್ಕೆ ತರುತ್ತದೆ. ತಿರುಚುವ ಅಗತ್ಯವೇ ಹೋಯಿತು. ನಮ್ಮಲ್ಲಿ ಟಿಎಂಟಿ ಎಂದು ಹೆಸರಾದದ್ದು ಈ ಬಗೆಯ ಕಂಬಿ. ಏಣು ಮೂಡಿದ ಗಟ್ಟಿ ಕಂಬಿಯನ್ನು ಸಿಂಬಿ ಸುತ್ತಲು ಇನ್ನು ಅಡ್ಡಿ ಉಳಿಯಲಿಲ್ಲ.

ಇಂಥ ಕಂಬಿ ಬೇಡುವ ಕಾಂಕ್ರೀಟ್ ಕಟ್ಟಡಗಳಿಗೆ ಚೆನ್ನೈನ ಕೋಯಂಬೇಡು ಒಂದು ಉದಾಹರಣೆ. ಅದು ಬೆಳೆದದ್ದು ನಮ್ಮಲ್ಲಿ ಟಾರ್ ಸ್ಟೀಲ್ ಹಿಂದೆ ಸರಿದು ಟಿಎಂಟಿ ಬಂದ ಮೇಲೆ. 1996ರಲ್ಲಿ ಸಗಟು ಮಾರುಕಟ್ಟೆ, 2002ರಲ್ಲಿ ಬೆಂಗಳೂರಿನಿಂದ ಹೋದವರಿಗೆಲ್ಲ ಪರಿಚಿತವಾದ ಬಸ್ ನಿಲ್ದಾಣ, 2015ರ ಜೂನ್ 29ರಂದು ಆಲಂದೂರಿನವರೆಗೆ ಕಂಬಗಳ ಮೇಲೆ ಸಾಗುವ ಚೆನ್ನೈ ಮೆಟ್ರೊದ ಮೊದಲ ಹಾದಿ. ಬಸ್ ನಿಲ್ದಾಣ ತೆರೆದ 2002ರಲ್ಲೇ ಭೂಕಂಪ ಮಾನಕ ಐಎಸ್ 1893 ಪರಿಷ್ಕಾರವಾಗಿ, ಚೆನ್ನೈ ಎರಡನೇ ವಲಯದಿಂದ ಮೂರನೆಯದಕ್ಕೆ ಏರಿತು. ಬೆಂಗಳೂರು ಎರಡರಲ್ಲೇ ಉಳಿಯಿತು. ಭೂಕಂಪ ತಾಳಬೇಕಾದ ಕಾಲಂಗೆ ರಿಂಗ್‌ಗಳು ಒತ್ತೊತ್ತಾಗಿರಬೇಕು, ಅವುಗಳ ತುದಿಗಳು 135 ಡಿಗ್ರಿ ಮಡಿದು ಒಳಗಿನ ಕಾಂಕ್ರೀಟನ್ನು ಕಚ್ಚಿರಬೇಕು. ಬರೀ 90 ಡಿಗ್ರಿ ಮಡಿಕೆಯಾದರೆ, ಹೊರಪದರ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ.

ಒಂದೇ ಅಳತೆಯ ರಿಂಗ್‌ಗಳು ಸಾವಿರಗಟ್ಟಲೆ ಬೇಕಾದಾಗ ಸುರುಳಿಯ ಬೆಲೆ ತಿಳಿಯುತ್ತದೆ. ಯಂತ್ರಕ್ಕೆ ಒಂದು ತುದಿ ಕೊಟ್ಟರೆ ಅದೇ ನೆಟ್ಟಗೆ ಮಾಡಿ, ಮಡಿಸಿ, ಕತ್ತರಿಸುತ್ತದೆ. 8 ಮಿ.ಮೀ. ಕಂಬಿ ಮೀಟರಿಗೆ 0.395 ಕೆ.ಜಿ. ತೂಗುತ್ತದೆ, ಒಂದು ಟನ್ ಸಿಂಬಿಯಲ್ಲಿ ಸುಮಾರು ಎರಡೂವರೆ ಕಿ.ಮೀ. ಕಂಬಿ ಇರುತ್ತದೆ. 12 ಮೀಟರಿನ ನೇರ ಕಂಬಿಯಲ್ಲಾದರೆ ಪ್ರತಿಯೊಂದರ ಕೊನೆಗೂ ತುಂಡು ಉಳಿದು ಗುಜರಿಗೆ ಹೋಗುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು, ಆಂಧ್ರದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗಳಲ್ಲಿ ಸುರುಳಿ ತಯಾರಿಸುವ ವೈರ್ ರಾಡ್ ಮಿಲ್‌ಗಳಿವೆ.

ನೆಟ್ಟಗೆ ಮಾಡುವ ರೋಲರುಗಳ ಒತ್ತಡ ಹೆಚ್ಚಾದರೆ ಏಣು ಸವೆದು ಕಾಂಕ್ರೀಟಿನ ಹಿಡಿತ ತಗ್ಗುತ್ತದೆ. ಆದ್ದರಿಂದ ಮಿಲ್ಲಿನ ಪ್ರಮಾಣಪತ್ರವೊಂದನ್ನೇ ನಂಬದೆ, ಸಿಂಬಿ ಬಿಚ್ಚಿ ನೇರ ಮಾಡಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಬ್ರಿಟಿಷ್ ಮಾನಕ ಬಿಎಸ್ 4449 ಬಿಚ್ಚಿದ ಕಂಬಿಯನ್ನು ಪ್ರತ್ಯೇಕವಾಗಿಯೇ ಪರಿಗಣಿಸುತ್ತದೆ.