ದೇವಿ ಹಾಕುವ ವಿದ್ಯೆಯೂ ಶಾಕ್ತೇಯಗ್ರಂಥವೂ

ಗೋವಿನ ಕೆಚ್ಚಲಿನಲ್ಲೇಳುವ ಬೊಕ್ಕೆಯ ರಸದಿಂದ ಸಿಡುಬನ್ನು ತಡೆಯುವ ಉಪಾಯವು ಧನ್ವಂತರಿಗೇ ವಿದಿತವಾಗಿದ್ದಿತೆಂದೂ, 1798ರಲ್ಲಿ ಜೆನ್ನರನು ಪ್ರಕಟಿಸಿದುದರಲ್ಲಿ ಹೊಸದೇನೂ ಇಲ್ಲವೆಂದೂ ಹೇಳುವವರು ಈಗಲೂ ಉಂಟು. ಸಭೆಗಳಲ್ಲಿ ಈ ಮಾತು ಬಂದರೆ ಕೇಳುವವರಿಗೆ ಸಂತೋಷವಾಗುವುದು. ಸಂಸ್ಕೃತವನ್ನೋದಿ ಬದುಕುವ ನಮ್ಮಂಥವರಿಗೆ ಇನ್ನೂ ಒಂದು ಪಾಲು ಹೆಚ್ಚಾಗಿಯೇ ಆಗುವುದು. ಆದರೆ ಸಂತೋಷವು ಪ್ರಮಾಣಗಳಲ್ಲಿ ಸೇರಿದುದಲ್ಲ. ಆದಕಾರಣ ಈ ವಾದದ ಮೂಲವನ್ನು ಕಿಂಚಿತ್ ಪರಾಮರ್ಶಿಸುವೆವು.

ಮೊದಲು ನಮ್ಮ ಗ್ರಂಥಗಳಲ್ಲಿ ಏನಿದೆಯೆಂಬುದನ್ನು ನೋಡೋಣ. ಪ್ರಕೃತಿ, ಆಹಾರ, ಬಲಗಳು ಬೇರೆಬೇರೆಯಾಗಿರುವ ಜನರೆಲ್ಲರೂ ಒಂದೇ ವ್ಯಾಧಿಯಿಂದ ಏಕಕಾಲದಲ್ಲಿ ನಾಶವಾಗುವುದೇಕೆಂಬ ಪ್ರಶ್ನೆಯನ್ನು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ಎತ್ತುತ್ತಾನೆ. ಎಲ್ಲರಿಗೂ ಸಾಧಾರಣವಾದ ವಾಯು, ಜಲ, ದೇಶ, ಕಾಲಗಳು ಕೆಡುವುದೇ ಕಾರಣವೆಂದು ಆತ್ರೇಯನ ಉತ್ತರ. ಭೂಮಿಯು ಕೆಡುವುದಕ್ಕೆ ಮುಂಚೆಯೇ ಔಷಧಿಗಳನ್ನು ಸಂಗ್ರಹಿಸಿಡಬೇಕೆಂದೂ ಆತನು ಶಿಷ್ಯನನ್ನು ಎಚ್ಚರಿಸುತ್ತಾನೆ. ಜನಪದದ ಆರೋಗ್ಯವು ವ್ಯಕ್ತಿಯ ಆರೋಗ್ಯದಿಂದ ಭಿನ್ನವಾದ ವಿಷಯವೆಂಬ ಅರಿವು ಇಲ್ಲಿ ಸ್ಫುಟವಾಗಿದೆ. ನಾವು ಅಭಿಮಾನಪಡಬೇಕಾದುದು ಇದಕ್ಕೆ. ಮಸೂರಿಕೆಯನ್ನಾದರೋ ಚರಕ ಸುಶ್ರುತರಿಬ್ಬರೂ ಅಲ್ಪವಾಗಿ ಸ್ಪರ್ಶಿಸಿರುವರು. ಸುಶ್ರುತನು ಅದನ್ನು ಕ್ಷುದ್ರರೋಗಗಳ ಗುಂಪಿನಲ್ಲಿಟ್ಟಿರುವನು. ಮಾಧವನಿದಾನದಲ್ಲಿ ಅದಕ್ಕೆ ಪ್ರತ್ಯೇಕವಾದ ಅಧ್ಯಾಯ ದೊರೆತಿದೆ. ಭಾವಪ್ರಕಾಶದ ಕಾಲಕ್ಕೆ ಶೀತಲಾದೇವಿಯ ಪ್ರಸ್ತಾಪವೂ ಬಂದಿದೆ. ರೋಗದ ರಸವನ್ನು ಆರೋಗ್ಯವಂತನ ತೋಳಿಗೆ ಸೇರಿಸುವ ವಿಧಿಯು ಇವುಗಳಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಧನ್ವಂತರಿಯ ಮಾತು ಎಲ್ಲಿಂದ ಬಂದಿತು? 1819ರಲ್ಲಿ ಮದರಾಸಿನ ಪತ್ರಿಕೆಯೊಂದಕ್ಕೆ ‘ಕಲ್ವಿ ವಿರುಂಬನ್’, ಎಂದರೆ ವಿದ್ಯಾಪ್ರಿಯ, ಎಂಬ ಅಂಕಿತದಿಂದ ಒಬ್ಬರು ಕಾಗದ ಬರೆದರು. ‘ಶಾಕ್ತೇಯಗ್ರಂಥ’ದಲ್ಲಿ ಧನ್ವಂತರಿಯು ಗೋವಿನ ಬೊಕ್ಕೆಯ ರಸವನ್ನು ಶಸ್ತ್ರದ ಮೊನೆಯಿಂದ ತೋಳಿಗೆ ಸೇರಿಸುವ ಕ್ರಮವನ್ನು ಹೇಳಿರುವನೆಂದು ಅದರ ತಾತ್ಪರ್ಯ. ಯೂರೋಪಿನ ವೈದ್ಯಗ್ರಂಥಗಳು ಅದನ್ನು ನಂಬಿ ಉದ್ಧರಿಸಿದುವು; ನಮ್ಮವರು ಅಲ್ಲಿಂದ ಮರಳಿ ತಂದರು. ಶಾಕ್ತೇಯಗ್ರಂಥವೆಂಬುದು ಒಂದು ಪುಸ್ತಕದ ಹೆಸರಲ್ಲ, ಒಂದು ವರ್ಗದ ಹೆಸರು. ‘ವೈಷ್ಣವಗ್ರಂಥದಲ್ಲಿ ಹೇಳಿದೆ’ ಎಂದಂತೆ. ವ್ಯಾಖ್ಯಾನಕಾರರಲ್ಲೊಬ್ಬರೂ ಆ ವಚನವನ್ನು ಕಂಡವರಲ್ಲ. ಶಸ್ತ್ರವನ್ನು ಹಿಡಿಯುವ ರೀತಿ, ತೋಳಿನ ಸ್ಥಳ ಎಲ್ಲವೂ ಆಗಿನ ಆಂಗ್ಲವೈದ್ಯರ ಪದ್ಧತಿಯ ಪಡಿಯಚ್ಚು.

ಡೊಮಿನಿಕ್ ವುಯಾಸ್ತಿಕರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಗಂಟನ್ನು ಬಿಡಿಸಿರುವರು. ದ್ರಾವಿಡಭಾಷೆಗಳು ಒಂದೇ ಕುಲದವೆಂದು 1816ರಲ್ಲಿ ತೋರಿಸಿಕೊಟ್ಟ ಮದರಾಸಿನ ಅಧಿಕಾರಿ ಎಲ್ಲಿಸನೇ, ಜನರು ಹೊಸ ವಿಧಾನಕ್ಕೆ ಒಲಿಯಲೆಂದು, ಧನ್ವಂತರಿಯ ಬಾಯಿಂದ ಅದನ್ನು ಹೇಳಿಸುವ ಕಥೆಯೊಂದನ್ನು ರಚಿಸಿದ್ದನು. ಸದುದ್ದೇಶದ ಕೂಟಲೇಖವಿದು. ಅಷ್ಟು ದೊಡ್ಡ ವಿದ್ವಾಂಸನು ಇದಕ್ಕೆ ಕೈಹಾಕಿದನಲ್ಲಾ ಎಂದು ವ್ಯಸನವಾಗುವುದು. ಅವನ ತಪ್ಪು ಸುಳ್ಳು ಹೇಳಿದುದಷ್ಟೇ ಅಲ್ಲ. ಜನರು ಹಿಂಜರಿಯುವುದು ಶಾಸ್ತ್ರಪ್ರಮಾಣವಿಲ್ಲದುದರಿಂದ ಎಂದು ಭಾವಿಸಿದುದು ಅದಕ್ಕಿಂತ ದೊಡ್ಡ ತಪ್ಪು.

ಏಕೆಂದರೆ ಶಾಸ್ತ್ರದಲ್ಲಿ ಇಲ್ಲದ ವಿದ್ಯೆಯೊಂದು ವಂಗದೇಶದಲ್ಲಿ ಆಗಲೇ ಮನೆಮನೆಯನ್ನು ಹೊಕ್ಕಿದ್ದಿತು. ಅದು ಗೋವಿನ ರಸವಲ್ಲ, ಮನುಷ್ಯನ ಸಿಡುಬಿನ ರಸವನ್ನೇ ಹಾಕುವುದು. 1767ರಲ್ಲಿ ಹಾಲ್ವೆಲ್ ಎಂಬಾತನು ಇದನ್ನು ಸವಿಸ್ತಾರವಾಗಿ ವರ್ಣಿಸಿರುವನು. ಕಾಶಿ, ಪ್ರಯಾಗ, ಬೃಂದಾವನಗಳ ಕಡೆಯ ಬ್ರಾಹ್ಮಣರು ಮೂವರು ನಾಲ್ವರ ಗುಂಪುಗಳಾಗಿ ಸಿಡುಬಿನ ಕಾಲಕ್ಕೆ ಮುಂಚೆಯೇ ಹೊರಟು ಬರುತ್ತಿದ್ದರು. ಬರುವ ಸಮಯ ತಿಳಿದಿದ್ದ ಮನೆಯವರು ಒಂದು ತಿಂಗಳು ಮೊದಲೇ ಮೀನು, ಹಾಲು, ತುಪ್ಪಗಳನ್ನು ಬಿಟ್ಟು ಪಥ್ಯದಲ್ಲಿರುತ್ತಿದ್ದರು. ತೋಳನ್ನು ಬಟ್ಟೆಯಿಂದ ತಿಕ್ಕಿ, ಸಣ್ಣದಾಗಿ ಗೀರಿ, ಹಿಂದಿನ ವರ್ಷ ಹಾಕಿಸಿಕೊಂಡವರಿಂದ ತೆಗೆದಿಟ್ಟಿದ್ದ ರಸವನ್ನು ಗಂಗೋದಕದಲ್ಲಿ ನೆನೆಸಿ ಇಡುತ್ತಿದ್ದರು. ಬಡವರಿಂದ ಪಡೆಯುತ್ತಿದ್ದುದು ಅಲ್ಪವಾದ ಕವಡೆ. ಇದು ನಿರಪಾಯವಾಗಿರಲಿಲ್ಲ: ಹಾಕಿಸಿಕೊಂಡವನಿಂದ ಇತರರಿಗೆ ನಿಜವಾದ ಸಿಡುಬು ತಗಲಬಹುದಾಗಿದ್ದಿತು. ಆದರೆ ಕೈಚಳಕ, ಪಥ್ಯ, ಪೂಜೆ, ಬಡವನಿಗೆ ಎಟಕುವ ದಕ್ಷಿಣೆ, ವರ್ಷವರ್ಷವೂ ಬರುವ ಪರಿಚಯದ ಮುಖ, ಇವೆಲ್ಲವೂ ಆ ವಿದ್ಯೆಯಲ್ಲಿ ಕೂಡಿಕೊಂಡಿದ್ದುವು.

ಜೆನ್ನರನ ರಸವು ಮುಂಬಯಿಯಲ್ಲಿ ಫಲಿಸಿದುದು 1802ರ ಜೂನ್ 14ರಂದು, ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ. ದೇಶದೊಳಗೆ ಹರಡಿದುದೆಲ್ಲವೂ ಆ ತೋಳಿನಿಂದ ಇನ್ನೊಂದು ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ. ಇಲ್ಲಿಯೇ ಅಸಮತೆಯ ಪ್ರಶ್ನೆ ಹುಟ್ಟಿತು. ರಸವನ್ನು ಕೊಡುವ ಮಗು ಯಾರದು? ಬಹುಮಟ್ಟಿಗೆ ಬಡವರದು, ಕೀಳೆಂದು ಕರೆಯಲ್ಪಟ್ಟ ಜಾತಿಗಳದು. ಮಾಗುತ್ತಿದ್ದ ಬೊಕ್ಕೆಯನ್ನು ಒಡೆದು ರಸ ತೆಗೆಯುವ ನೋವು ಆ ಮಗುವಿಗೆ. ಅಂಥ ತೋಳಿನ ರಸವು ತಮಗೆ ಸಲ್ಲದೆಂಬ ಜಿಗುಪ್ಸೆ ಮೇಲಿನವರಿಗೆ. ಇದಕ್ಕೆ ಧನ್ವಂತರಿಯ ಶ್ಲೋಕವು ಯಾವ ಪರಿಹಾರವನ್ನು ಕೊಡಬಲ್ಲುದು?

ನಮ್ಮ ಮೈಸೂರು ಸೀಮೆಯಲ್ಲಿ ಕೆಲಸವು ನಡೆದ ಬಗೆ ಬೇರೆ. ದೇಶೀಯ ಉಡುಪನ್ನು ಧರಿಸಿ ಜನರ ನಡುವೆಯೇ ಬಾಳುತ್ತಿದ್ದ ಫ್ರೆಂಚ್ ಪಾದ್ರಿ ದುಬುವಾ 1803-04ರಲ್ಲಿ 25,432 ಮಂದಿಗೆ ದೇವಿ ಹಾಕಿಸಿದನೆಂದು ದಾಖಲೆಯಿದೆ. ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಇದಕ್ಕೆ ಬೆಂಬಲವಿತ್ತರು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದೇವಿ ಹಾಕಿಸಿಕೊಂಡ ಗುರುತಿಗಾಗಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರು ನಿರ್ಣಯಿಸಿರುವರು. ಪಾದ್ರಿಯ ಭಾವಚಿತ್ರವನ್ನು ಬರೆದವನೂ ಈ ಹಿಕ್ಕಿಯೇ. ಒಬ್ಬ ರಾಣಿಯ ತೋಳನ್ನು ಕಂಡು ಊರೆಲ್ಲ ಒಪ್ಪಿತೆನ್ನಲಾಗದು. ಆದರೂ ಅರಮನೆಯ ತೋಳಿಗೂ ಆಳಿನ ತೋಳಿಗೂ ಒಂದೇ ವಿದ್ಯೆಯೆಂಬುದು ಅಲ್ಲಿ ಕಣ್ಣಿಗೆ ಕಾಣುವಂತಾಯಿತು.

ವಂಗದೇಶದಲ್ಲಿ ಸರ್ಕಾರವು ಹಳೆಯ ಟೀಕಾದಾರರನ್ನು ಬಹುಕಾಲ ಶತ್ರುಗಳೆಂದೇ ಎಣಿಸಿ, 1865ರಲ್ಲಿ ಕಲ್ಕತ್ತೆಯಲ್ಲಿಯೂ ಅದರ ಸುತ್ತಣ ಊರುಗಳಲ್ಲಿಯೂ ಅವರ ವೃತ್ತಿಯನ್ನು ನಿಷೇಧಿಸಿತು. ಅನಂತರ ಅವರಲ್ಲಿ ಅನೇಕರಿಗೆ ಹೊಸ ವಿಧಾನವನ್ನು ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳಲಾಯಿತು. ಮನೆಗಳ ಬಾಗಿಲು ಅವರಿಗೆ ಮೊದಲೇ ತೆರೆದಿದ್ದುವಷ್ಟೆ. ಅರುವತ್ತು ವರ್ಷಗಳ ಹಿಂದೆಯೇ, 1805ರಲ್ಲಿಯೇ, ಇದನ್ನು ಮಾಡಬಹುದಾಗಿದ್ದಿತು. ನಡುವೆ ಸತ್ತ ಮಕ್ಕಳ ಲೆಕ್ಕವನ್ನು ಇಟ್ಟವರಿಲ್ಲ.

ಶತಮಾನದ ಕೊನೆಯ ವೇಳೆಗೆ ಕರುಗಳಿಂದ ರಸ ತೆಗೆಯುವ ಕ್ರಮ ಬಂದು ಬಡಮಕ್ಕಳ ತೋಳಿಗೆ ಬಿಡುಗಡೆಯಾಯಿತು. 1970ರ ದಶಕದ ಕಡೆಯ ಹೋರಾಟದಲ್ಲಿ ಕೆಲಸಗಾರರು ಸಿಡುಬೆದ್ದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು, ಇಂಥದನ್ನು ಕಂಡಿರಾ ಎಂದು ಮನೆಮನೆಯಲ್ಲಿಯೂ ಕೇಳುತ್ತ ಹೋದರು. ಭರತಖಂಡದಲ್ಲಿ ಕೊನೆಯ ರೋಗಿ ಕಂಡುದು 1975ರ ಮೇ ತಿಂಗಳಿನಲ್ಲಿ.