ಕಪಿಲೆ ಬಾವಿ

ಹೋದ ತಿಂಗಳು ನನ್ನ ತವರಿನ ತೋಟದಲ್ಲಿ, ಹಾಳುಬಾವಿ ಅಂಚಿಗೆ ನಿಂತಿರೋ ಎರಡು ಕಲ್ಲುಕಂಬ ನೋಡಿ ನನ್ನ ಸೊಸೆ, "ಅತ್ತೆ, ಇದು ಉಯ್ಯಾಲೆ ಕಟ್ಟೋಕಾ?" ಅಂದ್ಳು. ನಗು ಬಂತು. ಅವಳಿಗೆ ಹೇಗೆ ಗೊತ್ತಿರಬೇಕು ಪಾಪ, ಅವಳು ಹುಟ್ಟೋ ಹೊತ್ತಿಗೆ ಎಲ್ಲಾ ಕಡೆ ಮೋಟ್ರು ಬಂದಿತ್ತು. ಅದು ಕಪಿಲೆ ಬಾವಿ ಕಣ್ರೀ.

ಕಂಬಗಳ ನಡುವೆ ಮೇಲೊಂದು ಮರದ ಗಾಲಿ, ಕೆಳಗೆ ಬಾವಿ ಬಾಯಲ್ಲಿ ಒಂದು ಉರುಳೆ. ಗಾಲಿ ಮೇಲೆ ದಪ್ಪ ಹಗ್ಗ, ಅದಕ್ಕೆ ಮಿಣಿ ಅನ್ನೋರು. ಉರುಳೆ ಮೇಲೆ ಸಣ್ಣ ಹಗ್ಗ. ಎರಡೂ ಎತ್ತಿನ ನೊಗಕ್ಕೇ. ಬಾವಿಯೊಳಗೆ ದೊಡ್ಡ ಚರ್ಮದ ಚೀಲ, ಅದರ ತಳದಲ್ಲಿ ಆನೆ ಸೊಂಡಿಲಿನಂಥ ಚರ್ಮದ ಕೊಳವೆ. ಚೀಲ ಮೇಲೆ ಬರೋವಾಗ ಸಣ್ಣ ಹಗ್ಗ ಸೊಂಡಿಲನ್ನ ಮಡಿಸಿ ಎತ್ತಿ ಹಿಡಿದಿರುತ್ತೆ, ನೀರು ಚೆಲ್ಲಲ್ಲ. ಮೇಲೆ ಬಂದ ತಕ್ಷಣ ಅದೇ ಹಗ್ಗ ಸೊಂಡಿಲನ್ನ ತೊಟ್ಟಿ ಕಡೆಗೆ ಎಳೆಯುತ್ತೆ, ನೀರು ತಾನಾಗೇ ಸುರಿಯುತ್ತೆ. ಎತ್ತು ಇಳಿಜಾರಲ್ಲಿ ಇಳೀತಾವೆ, ಹೊಡೆಯೋನು ಹಗ್ಗದ ಮೇಲೆ ಕೂತು ತನ್ನ ಭಾರಾನೂ ಹಾಕ್ತಾನೆ. ಆಮೇಲೆ ಹಿಂದೆ ಹಿಂದೆ ಹತ್ತಿಸೋದು. ಬಾವಿ ಬಾಯಲ್ಲಿ ಚೀಲ ಬಗ್ಗಿಸೋಕೆ ಇನ್ನೊಂದಾಳು ಬೇಡ. ಏತಕ್ಕಾದ್ರೆ ಮರದ ಮೇಲೆ ನಡೆಯೋನೊಬ್ಬ, ಕೆಳಗೆ ನೀರು ಸುರಿಯೋನೊಬ್ಬ ಬೇಕೇ ಬೇಕು.

ಟಿಪ್ಪು ಸತ್ತ ಮೇಲೆ, 1800ರಲ್ಲಿ ಕಂಪನಿಯೋರು ಬುಕಾನನ್ ಅನ್ನೋ ಡಾಕ್ಟರನ್ನ ಈ ಸೀಮೆಯೆಲ್ಲಾ ಸುತ್ತಿ ನೋಡಿ ಬಾ ಅಂತ ಕಳಿಸಿದ್ರು. 1807ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಕಪಿಲೆ, ಏತ ಎರಡೂ ನಮ್ಮ ಹೆಸರಲ್ಲೇ ಇವೆ.

ಇಷ್ಟು ಹೇಳಿದ ಮೇಲೆ ಸೊಸೆ ಕೇಳಿದ್ಳು, "ಚೀಲ ಯಾರು ಹೊಲೀತಿದ್ರು?" ಊರಾಚೆ ಕೇರಿಯೋರು. ಚರ್ಮ ದಿನಾ ನೆಂದು ಕೊಳೆತು ಹರಿಯೋದು, ಅವರು ಬರದೇ ಇದ್ರೆ ತೋಟ ಒಣಗೋದೇ. ಹೊಲಿಯೋಕೆ ಬಂದೋರಿಗೆ ಬಾಯಾರಿದ್ರೆ ಬೊಗಸೆ ಒಡ್ಡಬೇಕಿತ್ತು, ನಮ್ಮಜ್ಜಿ ಮೇಲಿಂದ ನೀರು ಹುಯ್ಯೋರು. ಕುಡಿಯೋ ನೀರಿನ ಬಾವಿ ಅವರು ಮುಟ್ಟೋ ಹಾಗಿರಲಿಲ್ಲ. ಅವರು ಹೊಲಿದ ಚೀಲದ ನೀರನ್ನ ಮಾತ್ರ ನಮ್ಮೋರು ತೊಟ್ಟಿಯಿಂದ ಮೊಗೆದು ಕುಡಿಯೋರು, ಹೊಲದ ನೀರಿಗೆ ಮೈಲಿಗೆ ಇಲ್ವಂತೆ! 1950ರಲ್ಲಿ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಬರೀಬೇಕಾಗಿತ್ತು ನೋಡಿ.

ಅಜ್ಜಿ ಕೊನೇವರೆಗೂ ಕಪಿಲೆ ಎತ್ತುಗಳ ಹೆಸರು ಹೇಳ್ತಿದ್ರು, ರಾಮ, ಕೆಂದ. ಚೀಲ ಹೊಲಿದೋರ ಹೆಸರು ನಾನು ಕೇಳಲೇ ಇಲ್ಲ. ಈಗ ಮನೇಲಿ ಯಾರಿಗೂ ಗೊತ್ತಿಲ್ಲ.